ಸತ್ಯಾಂಶ: ‘ವೂ ವೇ’ ಎಂದರೆ ಕೈಕಟ್ಟಿ ಕೂರುವುದಲ್ಲ

‘ಏನೂ ಮಾಡಬೇಡಿ, ಎಲ್ಲ ತಾನಾಗಿಯೇ ಆಗುತ್ತದೆ. ಇದೇ ಚೀನಾದ ತಾವೋ ಪಂಥ ಹೇಳುವ ವೂ ವೇ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು ತಿಳಿವಳಿಕೆ. ವೂ ವೇ ಎಂದರೆ ಬಲವಂತ ಮಾಡದೆ, ಸಹಜ ಜಾಡು ಹಿಡಿದು ಕೆಲಸ ಮಾಡುವುದು.

ಪದದ ನೇರ ಅರ್ಥ ‘ಮಾಡದಿರುವುದು’ ಎಂದೇ. ಗೊಂದಲ ಹುಟ್ಟುವುದು ಅಲ್ಲಿಂದ. ಇದನ್ನು ವಿವರಿಸಲು ಸಾಮಾನ್ಯವಾಗಿ ಎತ್ತಿಕೊಳ್ಳುವುದು ‘ಝುವಾಂಗ್‌ಝಿ’ ಎಂಬ ತಾವೋ ಪಂಥದ ಪ್ರಾಚೀನ ಗ್ರಂಥದ 3ನೇ ಅಧ್ಯಾಯದಲ್ಲಿ ಬರುವ, ಎತ್ತು ಕಡಿಯುವ ಬಾಣಸಿಗ ಡಿಂಗ್‌ನ ಪ್ರಸಂಗ. ಸಾಧಾರಣ ಬಾಣಸಿಗ ಮೂಳೆಗೇ ಕಡಿದು ತಿಂಗಳಿಗೊಂದು ಕತ್ತಿ ಹಾಳುಮಾಡುತ್ತಾನೆ, ಪಳಗಿದವನು ವರ್ಷಕ್ಕೊಂದು. ಡಿಂಗ್‌ನ ಕತ್ತಿ 19 ವರ್ಷ, ಸಾವಿರಾರು ಎತ್ತು ಕಂಡರೂ ಈಗಷ್ಟೇ ಸಾಣೆ ಹಿಡಿದಂತಿದೆ. ಕಾರಣ, ಅವನ ಅಲಗು ಹಾಯುವುದು ಕೀಲಿನ ಸಂದಿಯಲ್ಲಿ. ಗಂಟುಗಂಟಾದ ಜಾಗ ಬಂದರೆ ಅವನು ನಿಲ್ಲುತ್ತಾನೆ, ದಿಟ್ಟಿಸುತ್ತಾನೆ, ಕತ್ತಿಯನ್ನು ಎಳ್ಳಷ್ಟೇ ಆಡಿಸುತ್ತಾನೆ. ಇದು ಸೋಮಾರಿತನದ ಲಕ್ಷಣವಂತೂ ಅಲ್ಲ. ಇಡೀ ಎತ್ತಿನ ಬದಲು ಅದರ ಸಂದಿಗಳೇ ಕಾಣುವಂತಾಗಲು ಅವನಿಗೆ ಮೂರು ವರ್ಷ ಹಿಡಿಯಿತು.

ನಮ್ಮ ಅಡುಗೆಮನೆಯಲ್ಲೇ ನೋಡಿ. ಮೊಂಡು ಚಾಕುವಿನಿಂದ ಟೊಮೆಟೊ ಒತ್ತಿದರೆ ಸಿಪ್ಪೆ ಜಾರಿ, ರಸ ಚಿಮ್ಮಿ, ಬೆರಳಿಗೆ ಗಾಯ. ಒತ್ತಡ ಹೆಚ್ಚಿಸಿ ಪ್ರಯೋಜನವಿಲ್ಲ. ಚಾಕುವಿಗೆ ಸಾಣೆ ಹಿಡಿದು, ಒತ್ತದೆ, ಅಲಗನ್ನು ಉದ್ದಕ್ಕೂ ಎಳೆಯಿರಿ.

ನಿದ್ದೆಯೂ ಹೀಗೆಯೇ. ‘ಮಲಗಲೇಬೇಕು’ ಎಂದು ಹಟ ಹಿಡಿದಷ್ಟೂ ಎಚ್ಚರ ಹೆಚ್ಚುತ್ತದೆ. ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಕುಳಿತಿರಿ; ತೂಕಡಿಕೆ ಬಂದಾಗ ಹಾಸಿಗೆಗೆ ಮರಳಿ. ಆ ಹೊತ್ತಿನಲ್ಲಿ ಗಡಿಯಾರ ನೋಡುತ್ತಾ ಕೂರಬೇಡಿ.

ಬಾಕಿ ಕರೆಂಟ್ ಬಿಲ್ ಮಾತ್ರ ತಾನಾಗಿ ತೀರುವುದಿಲ್ಲ. ಅದನ್ನು ಕಟ್ಟಲೇಬೇಕು.