ಡೇಟಾ ರೋಮಿಂಗ್ ಆಫ್ ಮಾಡಿದ್ರೆ ಕಾಲ್ ಫ್ರೀ ಆಗಲ್ಲ, ದಯವಿಟ್ಟು ಗಮನಿಸಿ

"ಫಾರಿನ್‌ಗೆ ಹೋಗೋ ಮುಂಚೆ ಡೇಟಾ ರೋಮಿಂಗ್ ಆಫ್ ಮಾಡಿ ಸಾಕು, ಇನ್‌ಕಮಿಂಗ್ ಎಲ್ಲಾ ಫ್ರೀ" ಅಂತ ಒಂದು ಮೆಸೇಜ್ ಬೆಂಗಳೂರಿನ ಫ್ಯಾಮಿಲಿ ಗ್ರೂಪ್‌ಗಳಲ್ಲೆಲ್ಲ ಓಡಾಡ್ತಿದೆ. ಇದು ತಪ್ಪು.

ಆ ಬಟನ್ ನಿಲ್ಸೋದು ಇಂಟರ್ನೆಟ್ ಮಾತ್ರ. ನಮ್ಮ ಸಿಮ್ ಅಲ್ಲಿನ ನೆಟ್‌ವರ್ಕ್ ಹಿಡಿದಿದ್ದಾಗ ರೋಮಿಂಗ್ ಪ್ಯಾಕ್ ಇಲ್ದೆ ಕಾಲ್ ಎತ್ತಿದ್ರೆ, ಅದು ಇನ್‌ಕಮಿಂಗೇ ಆದ್ರೂ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗತ್ತೆ. ನಮ್ಮ ಚಿಕ್ಕಮ್ಮ ಮಗಳ ಬಾಣಂತನಕ್ಕೆ ಜರ್ಮನಿಗೆ ಹೋದಾಗ ಇದೇ ಮೆಸೇಜ್ ನಂಬಿದ್ರು, ಜಯನಗರದ ಮನೆ ಬಾಡಿಗೆಯವ್ರು, ಹಾಲಿನವ್ನು, ಸಾಲ ಬೇಕಾ ಅಂತ ಕೇಳೋರು, ಯಾರ್ ಮಾಡಿದ್ರೂ ಎತ್ತಿ "ಹೇಳಪ್ಪಾ" ಅಂತಿದ್ರು, ಕೊನೆಗೆ ಪೋಸ್ಟ್‌ಪೇಯ್ಡ್ ಬಿಲ್ ನೋಡಿ ಪಾಪ ಎರಡು ದಿನ ಸರಿಯಾಗಿ ಊಟಾನೂ ಮಾಡ್ಲಿಲ್ಲ. ನಂಗೆ ಈಗ್ಲೂ ಬೇಜಾರು, ಹೊರಡೋ ಮುಂಚೆ ನಾನೇ ಕೂತು ಹೇಳ್ಬೇಕಿತ್ತು.

ಅದೇ ಮೆಸೇಜಲ್ಲಿ "ಯುರೋಪಲ್ಲಿ 2017ರಿಂದ ರೋಮಿಂಗ್ ಫ್ರೀ" ಅಂತಾನೂ ಇದೆ. ಅದು ಯುರೋಪಿಯನ್ ಯೂನಿಯನ್ ದೇಶಗಳ ಸಿಮ್‌ಗೆ, ನಮ್ಮ ಸಿಮ್‌ಗಲ್ಲ. ಹಾಗಾಗಿ ಫ್ರಾನ್ಸಲ್ಲಿ ತಗೊಂಡ ಲೋಕಲ್ ಸಿಮ್ ಸಾಮಾನ್ಯವಾಗಿ ಇಟಲಿಯಲ್ಲೂ ನಡೆಯತ್ತೆ, ಆದ್ರೆ ಸ್ವಿಟ್ಜರ್ಲೆಂಡ್ ಆ ಯೂನಿಯನ್‌ನಲ್ಲಿಲ್ಲ, ಅಲ್ಲಿಗೆ ಹೋಗೋರು ಕೇಳ್ಕೊಂಡೇ ತಗೊಳ್ಳಿ.

ನಿಜವಾಗ್ಲೂ ದುಡ್ಡು ಉಳೀಬೇಕಂದ್ರೆ ಏರ್‌ಪೋರ್ಟಿಗೆ ಹೊರಡೋ ಮುಂಚೆ ಮನೆಯಲ್ಲೇ ರೋಮಿಂಗ್ ಪ್ಯಾಕ್ ಹಾಕ್ಸಿ, ಇಲ್ಲಾಂದ್ರೆ ಲೋಕಲ್ ಸಿಮ್ಮೋ ಇ-ಸಿಮ್ಮೋ (ಕಾರ್ಡ್ ಇಲ್ದೆ ಫೋನ್ ಒಳಗೇ ಹಾಕ್ಕೊಳ್ಳೋ ಸಿಮ್) ತಗೊಳ್ಳಿ. ಅಥ್ವಾ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡ್ಕೊಂಡು ವಾಟ್ಸಾಪಲ್ಲಿ ಮಾತಾಡಿ. ಬ್ಯಾಂಕ್ ಓಟಿಪಿ ಬೇಕಿದ್ರೆ ಮಾತ್ರ ಸಿಮ್ ಆನ್ ಇಡ್ಬೇಕಾಗತ್ತೆ, ಆಗ ಬರೋ ಕಾಲ್ ಎತ್ಬೇಡಿ.