ಸತ್ಯಾಂಶ: ಪ್ಲಾಸ್ಟಿಕ್ ಹೊಗೆಗೆ ಸೊಳ್ಳೆ ಸಾಯುತ್ತವೆಯೇ?

ಕಲಬುರಗಿಯ ನಮ್ಮ ಓಣಿಯ ಗ್ರೂಪಿಗೆ ಒಂದು ಮೆಸೇಜ್ ಬಂದಿದೆ. 'ಸಂಜೆ ಮನೆ ಮುಂದೆ ಕಸದ ಜೊತೆ ಪ್ಲಾಸ್ಟಿಕ್ ಸುಡಿ. ಸೊಳ್ಳೆ ಸಾಯುತ್ತವೆ, ಕಸವೂ ಮುಗಿಯುತ್ತದೆ' ಅಂತ.

ಎರಡೂ ತಪ್ಪು.

ಹೊಗೆಗೆ ಸೊಳ್ಳೆ ಸ್ವಲ್ಪ ಹೊತ್ತು ದೂರ ಹೋಗಬಹುದು, ಅಷ್ಟೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದೇ ಹೆಚ್ಚಾಗಿ ಹಗಲಲ್ಲಿ. ಅದು ಮೊಟ್ಟೆ ಇಡುವುದು ನಿಂತ ನೀರಿನಲ್ಲಿ: ಬಿಸಾಕಿದ ಟೈರು, ತೆಂಗಿನ ಚಿಪ್ಪು, ಮುಚ್ಚದ ಡ್ರಮ್ಮು. ಅಲ್ಲಿರುವ ಮರಿಗಳಿಗೆ ಹೊಗೆಯಿಂದ ಏನೂ ಆಗುವುದಿಲ್ಲ. ವಾರಕ್ಕೊಮ್ಮೆ ಆ ನೀರು ಚೆಲ್ಲಿ, ಡ್ರಮ್ಮು ತಿಕ್ಕಿ ತೊಳೆಯಿರಿ.

ಇನ್ನು ಕಸ. ಅದು ಮುಗಿಯುವುದಿಲ್ಲ, ಗಾಳಿಗೆ ಸೇರುತ್ತದೆ. ಕಸ ಸುಡುವ ದೊಡ್ಡ ಘಟಕಗಳಲ್ಲಿ ಕನಿಷ್ಠ 850 ಡಿಗ್ರಿ ಸೆಲ್ಸಿಯಸ್ ಕಾವು ಕಾಯ್ದುಕೊಳ್ಳುತ್ತಾರೆ, ಹೊಗೆಯನ್ನೂ ಶೋಧಿಸುತ್ತಾರೆ. ಅಂಗಳದ ಬೆಂಕಿಯಲ್ಲಿ ಇದೆರಡೂ ಇಲ್ಲ. ಅರ್ಧಂಬರ್ಧ ಉರಿದ ಪಿವಿಸಿ ಪೈಪು, ವೈರಿನ ತುಂಡಿನಿಂದ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಮೇವಿನ ಮೇಲೆ ಕೂತು, ಎಮ್ಮೆಯ ಕೊಬ್ಬಿಗೆ ಸೇರಿ, ಹಾಲಿನಲ್ಲಿ ಮನೆಗೆ ವಾಪಸ್ ಬರುತ್ತದೆ. ಸಣ್ಣ ಮಕ್ಕಳು, ದಮ್ಮಿನ ತೊಂದರೆ ಇರುವ ಅಜ್ಜಿಯಂದಿರು ಪಕ್ಕದಲ್ಲೇ ಕೂತಿರುತ್ತಾರೆ ಅಲ್ವಾ? ನನಗೆ ಹೆಚ್ಚು ಸಂಕಟ ಇದರದ್ದೇ.

ಬಯಲಲ್ಲಿ ಕಸ ಸುಡುವುದನ್ನು 2016ರಲ್ಲೇ ಘನತ್ಯಾಜ್ಯ ನಿರ್ವಹಣೆ ನಿಯಮಗಳು ನಿಷೇಧಿಸಿದವು. ಅದೇ ವರ್ಷ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ 5,000 ರೂಪಾಯಿ ದಂಡವನ್ನೂ ಹೇಳಿತು.

ತರಕಾರಿ ಸಿಪ್ಪೆ, ಉಳಿದ ರೊಟ್ಟಿಯನ್ನು ತೂತಿರುವ ಬಕೆಟ್ಟಿನಲ್ಲಿ ಒಣ ಎಲೆ ಜೊತೆ ಹಾಕಿಡಿ. ಎರಡು ಮೂರು ತಿಂಗಳಲ್ಲಿ ಗೊಬ್ಬರ. ಪ್ಲಾಸ್ಟಿಕ್ ಒಣಗಿಸಿ, ಬೇರೆ ಚೀಲದಲ್ಲಿ ಕಸದ ಗಾಡಿಗೆ ಕೊಡಿ.