ಕೆನ್ನೆಗಿಂತ ಸರ ಮೇಲು

ನಮ್ಮ ಬೀದಿಯ ಮೇಷ್ಟ್ರಿಗೆ 74 ವರ್ಷ. ಹನುಮಂತನಗರದ ಅರ್ಧ ಹುಡುಗರಿಗೆ ಲೆಕ್ಕ ಹೇಳಿಕೊಟ್ಟವರು. ಹೋದ ತಿಂಗಳು ಬೆಳಿಗ್ಗೆ ವಾಕಿಂಗ್ ಹೊರಟಿದ್ದಾಗ ಹಿಂದಿನಿಂದ ಒಂದು ಸ್ಕೂಟರ್ ಹಾರ್ನ್ ಹೊಡೆಯಿತು. ರಸ್ತೆಯಲ್ಲಲ್ಲ, ಫುಟ್‌ಪಾತ್ ಮೇಲೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಮೇಷ್ಟ್ರು ಸುಮ್ನೆ ಪಕ್ಕಕ್ಕೆ ಸರಿಯಬಹುದಿತ್ತು. ಸರಿಯಲಿಲ್ಲ. ಕೋಲು ಅಡ್ಡ ಹಿಡಿದು, "ಇದು ನಡೆಯೋ ಜಾಗ ಕಣಪ್ಪ" ಅಂದರು. ಹುಡುಗ ಗಾಡಿಗೆ ಸ್ಟ್ಯಾಂಡ್ ಹಾಕಿದ, ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿದ (ಇಷ್ಟು ಪುರುಸೊತ್ತು ಇದ್ದವನಿಗೆ ಫುಟ್‌ಪಾತ್ ಹತ್ತುವಷ್ಟು ಅವಸರ ಏನಿತ್ತೋ), ಆಮೇಲೆ ಮೇಷ್ಟ್ರ ಕೆನ್ನೆಗೆ ಒಂದು ಬಾರಿಸಿದ. ಎಂಟು ಜನ ಸೇರಿದರು. ಏಳು ಜನ ವಿಡಿಯೊ ಮಾಡಿದರು. ಎಂಟನೆಯವನು ನಾನು, ನನ್ನ ಫೋನ್ ಚಾರ್ಜ್‌ಗೆ ಹಾಕಿತ್ತು.

ಠಾಣೆಗೆ ಕರೆದುಕೊಂಡು ಹೋದೆ. ಯಾವ ಠಾಣೆ ಅಂತ ಕೇಳಬೇಡಿ. 60 ದಾಟಿದ ಗಂಡಸರನ್ನು ಸಾಕ್ಷಿ ಹೇಳಲು ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ, ಪೊಲೀಸರೇ ಮನೆಗೆ ಹೋಗಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್‌ನಲ್ಲಿದೆ. ಏಟು ನೋಡಿದವರಿಗೆ ಆ ಮರ್ಯಾದೆ. ಏಟು ತಿಂದವರು ಒಂಬತ್ತು ಮೆಟ್ಟಿಲು ಹತ್ತಿದರು.

ಸಾಹೇಬರು ಒಳ್ಳೆಯವರೇ, ಕುರ್ಚಿ ಕೊಟ್ಟರು. "ಯಜಮಾನ್ರೇ, ಮೂಳೆ ಏನಾದ್ರೂ ಮುರಿದಿದೆಯಾ?"

"ಇಲ್ಲ."

"ಹಲ್ಲು?"

ಮೇಷ್ಟ್ರು ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದರು. ಹಲ್ಲಿನ ಸೆಟ್ಟು, ಎರಡು ಹೋಳು.

"ಅಯ್ಯೋ, ಇದು ಕಟ್ಟಿಸಿದ್ದು. ಇದು ನಡೆಯಲ್ಲ."

ವಿಷಯ ಏನೆಂದರೆ, ಮೂಳೆಯೋ ಹಲ್ಲೋ ಮುರಿದರೆ ಅದು ಭಾರಿ ಗಾಯ, ಏಳು ವರ್ಷದವರೆಗೆ ಶಿಕ್ಷೆ. ಕಟ್ಟಿಸಿದ ಹಲ್ಲು ಹಲ್ಲಲ್ಲ, ಸಾಮಾನು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ ಕಟ್ಟಿದವರು ಈ ಸೆಕ್ಷನ್ ಓದಿಕೊಂಡೇ ಕಟ್ಟಿರಬೇಕು. ಹಾಗಾಗಿ ಮೇಷ್ಟ್ರದ್ದು ಸಾದಾ ಏಟು. ಹೊಸ ಅಪರಾಧ ಕಾನೂನು, ಅಂದರೆ ನ್ಯಾಯ ಸಂಹಿತೆಯ 115ನೇ ಸೆಕ್ಷನ್. ಹೆಚ್ಚೆಂದರೆ ಒಂದು ವರ್ಷ, ಇಲ್ಲವೇ 10,000 ರೂಪಾಯಿ ದಂಡ. 1860ರ ಹಳೆಯ ಕಾನೂನಿನಲ್ಲಿ ದಂಡ 1,000 ಇತ್ತು, 2024ರ ಜುಲೈನಿಂದ ಹತ್ತು ಪಟ್ಟು ಏರಿದೆ. ಏರದೆ ಉಳಿದದ್ದು ಈ ಊರಲ್ಲಿ ಏನಿದೆ ಹೇಳಿ. ಆದರೆ ಏಟು ಬಿದ್ದದ್ದು 25ರ ಕೆನ್ನೆಗೋ 74ರ ಕೆನ್ನೆಗೋ ಅಂತ ಆ ಸೆಕ್ಷನ್ ಕೇಳುವುದಿಲ್ಲ. ಬಿಎಂಟಿಸಿ ಕಂಡಕ್ಟರ್ ಕೂಡ ವಯಸ್ಸು ಕೇಳಿ 25 ಪರ್ಸೆಂಟ್ ಬಿಡುತ್ತಾನೆ.

ಇನ್ನೂ ಇದೆ. ಸಾದಾ ಏಟು ನಾನ್ ಕಾಗ್ನಿಜಬಲ್. ಮ್ಯಾಜಿಸ್ಟ್ರೇಟ್ ಹೇಳುವ ತನಕ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. "ಎನ್‌ಸಿಆರ್ ಕೊಡ್ತೀವಿ, ಇಟ್ಕೊಳ್ಳಿ" ಅಂದರು, ಪ್ರಸಾದ ಕೊಟ್ಟ ಹಾಗೆ. ಅಂದರೆ ದೂರು ಬರೆದುಕೊಂಡಿದ್ದೇವೆ ಅನ್ನುವ ಚೀಟಿ, ಅಷ್ಟೇ.

ಅಷ್ಟರಲ್ಲಿ ಹುಡುಗನೂ ಬಂದ. "ಸಾರ್, ತಾತಾನೇ ಕೋಲು ಅಡ್ಡ ಇಟ್ಟು ನನ್ನ ಗಾಡಿ ತಡೆದಿದ್ದು!" ಸಾಹೇಬರ ಮುಖ ಅರಳಿತು. ಯಾಕೆಂದರೆ ಅಕ್ರಮವಾಗಿ ತಡೆಯುವುದು, ಅಂದರೆ 126, ಕಾಗ್ನಿಜಬಲ್. ಅದಕ್ಕೆ ಶಿಕ್ಷೆ ಹೆಚ್ಚೆಂದರೆ ಒಂದೇ ತಿಂಗಳು, ಆದರೆ ನೇರವಾಗಿ ಎಫ್‌ಐಆರ್ ಹಾಕಬಹುದು. "ನೋಡಿ ಯಜಮಾನ್ರೇ, ಕೌಂಟರ್ ಕೇಸ್ ಆಗುತ್ತೆ. ಈ ವಯಸ್ಸಲ್ಲಿ ಯಾಕೆ ನಿಮಗೆ?" ಫುಟ್‌ಪಾತ್ ಮೇಲೆ ಗಾಡಿ ಓಡಿಸುವ ಹಕ್ಕೇ ಇಲ್ಲದವನನ್ನು ತಡೆದರೆ ಅದು ಅಕ್ರಮ ಹೇಗಾಗುತ್ತದೆ ಅಂತ ನಾನು ಕೇಳಿದೆ. "ಅದನ್ನ ಕೋರ್ಟಲ್ಲಿ ಹೇಳ್ಕೊಳ್ಳಿ" ಅಂದರು. ಮೇಷ್ಟ್ರು ಬೆರಳು ಮಡಿಸಿ ಎಣಿಸುತ್ತಿದ್ದರು. "ಒಂದು ವರ್ಷದ ತಪ್ಪು ಚಿಕ್ಕದು, ಒಂದು ತಿಂಗಳದ್ದು ದೊಡ್ಡದು. ಇದು ಯಾವ ಲೆಕ್ಕದ ಪುಸ್ತಕದಲ್ಲಿದೆಯಪ್ಪ?"

ಕೊನೆಗೆ ರಾಜಿ. ಹುಡುಗನಿಂದ ಒಂದು ಮುಚ್ಚಳಿಕೆ, ಮೇಷ್ಟ್ರಿಂದಲೂ ಒಂದು. ಹೌದು, ಇನ್ನು ಮೇಲೆ ಯಾರ ಗಾಡಿಗೂ ಅಡ್ಡ ಬರುವುದಿಲ್ಲ ಅಂತ ಏಟು ತಿಂದವರೂ ಬರೆದುಕೊಟ್ಟರು. ಹುಡುಗ "ಸಾರಿ ಅಂಕಲ್" ಅಂದ, ಫೋನ್ ನೋಡಿಕೊಂಡೇ.

ಹೊರಡುವಾಗ ಸಾಹೇಬರಿಗೆ ಪಾಪ ಅನ್ನಿಸಿತೋ ಏನೋ, ಮೆತ್ತಗೆ ಕೇಳಿದರು. "ಸರ ಗಿರ ಏನೂ ಕಿತ್ಕೊಳ್ಳಲಿಲ್ವಾ? ಕಿತ್ತಿದ್ರೆ 304 ಹಾಕ್ಬಹುದಿತ್ತು. ಮೂರು ವರ್ಷ, ಬೇಲ್ ಕೂಡ ಸುಲಭಕ್ಕೆ ಸಿಗಲ್ಲ."

ಮೇಷ್ಟ್ರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಗಾಂಧಿ ಬಜಾರ್ ಹತ್ತಿರ ಆಟೊ ನಿಲ್ಲಿಸಿ ಇಳಿದು ಹೋದರು.

ಈಗ ಅವರು ದಿನಾ ವಾಕಿಂಗ್‌ಗೆ ಅಂಗಿಯ ಮೇಲೆ ದಪ್ಪನೆಯ ಸರ ಹಾಕಿಕೊಂಡು ಬರುತ್ತಾರೆ. ರೋಲ್ಡ್ ಗೋಲ್ಡ್, 250 ರೂಪಾಯಿ. ಎದುರಿಗೆ ಸ್ಕೂಟರ್ ಬಂದರೆ ಕೋಲು ಎತ್ತುವುದಿಲ್ಲ, ಸರವನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಕಾಯುತ್ತಾರೆ.